ಹೊತ್ತು ನೋಡಿ ಹೋಗುವ ಇಂಟರ್ನೆಟ್ಟು: ಮನೆಯ ವಿದ್ಯುತ್ ಗದ್ದಲದ ಜಾಡು ಹಿಡಿಯುವುದು ಹೇಗೆ?

ವೇಲ್ಸ್ ನಾಡಿನ ಅಬರ್‌ಹೋಸನ್ ಎಂಬ ಹಳ್ಳಿಯಲ್ಲಿ ಸುಮಾರು 18 ತಿಂಗಳ ಕಾಲ ದಿನಾ ಬೆಳಿಗ್ಗೆ 7 ಗಂಟೆಗೆ ಬ್ರಾಡ್‌ಬ್ಯಾಂಡ್ ಕೈಕೊಡುತ್ತಿತ್ತು. ಲೈನುಗಳ ಹೊಣೆ ಹೊತ್ತ ಓಪನ್‌ರೀಚ್ ಕಂಪನಿಯ ಎಂಜಿನಿಯರುಗಳು ಮತ್ತೆಮತ್ತೆ ಬಂದು ಪರೀಕ್ಷಿಸಿದರು. ದೋಷ ಸಿಗಲಿಲ್ಲ. ಕೇಬಲ್ಲಿನ ದೊಡ್ಡ ಭಾಗವನ್ನೇ ಬದಲಾಯಿಸಿದರು, ಆದರೂ ತೊಂದರೆ ತಪ್ಪಲಿಲ್ಲ. ಕೊನೆಗೊಂದು ತಂಡ ಸ್ಪೆಕ್ಟ್ರಮ್ ಅನಲೈಸರ್ ಹಿಡಿದುಕೊಂಡು, ಸುರಿಯುವ ಮಳೆಯಲ್ಲಿ ಬೆಳಿಗ್ಗೆ 6ಕ್ಕೇ ಊರೊಳಗೆ ಓಡಾಡಿತು. ಗಂಟೆ 7 ಹೊಡೆಯುತ್ತಲೇ ಆ ಉಪಕರಣದಲ್ಲಿ ಭಾರಿ ಅಲೆಯೊಂದು ಎದ್ದು ಕಾಣಿಸಿತು. ಅದರ ಬೆನ್ನು ಹತ್ತಿ ಹೋದರೆ, ಒಂದು ಮನೆಯಲ್ಲಿದ್ದ ಹಳೆಯ ಸೆಕೆಂಡ್‌ಹ್ಯಾಂಡ್ ಟಿವಿ! ಮನೆಯವರು ಎದ್ದ ಕೂಡಲೇ ಟಿವಿ ಹಾಕುತ್ತಿದ್ದರು, ಊರಿನ ನೆಟ್ ಬೀಳುತ್ತಿತ್ತು. ಪಾಪ, ಅವರಿಗೆ ಇದರ ಸುಳಿವೇ ಇರಲಿಲ್ಲ. ತಿಳಿದ ಮೇಲೆ ಬಹಳ ನೊಂದುಕೊಂಡು, ಆ ಟಿವಿಯನ್ನು ಇನ್ನು ಹಾಕುವುದೇ ಇಲ್ಲ ಎಂದರು. 2020ರ ಸೆಪ್ಟೆಂಬರಿನಲ್ಲಿ ಸುದ್ದಿಯಾದ ಪ್ರಸಂಗ ಇದು.

ಅದನ್ನು ಓದಿದಾಗ ನನಗೆ ನೆನಪಾದದ್ದು ಶಿರಸಿ ಸೀಮೆಯ ನಮ್ಮ ಮನೆ. ಅಲ್ಲಿ ಟೆಲಿಫೋನ್ ತಂತಿ ಕಂಬದಿಂದ ಕಂಬಕ್ಕೆ, ಆಮೇಲೆ ಮರದಿಂದ ಮರಕ್ಕೆ ಹಾಯ್ದು, ಅಡಿಕೆ ತೋಟದ ಅಂಚು ಬಳಸಿ ಅಂಗಳಕ್ಕೆ ಬರುತ್ತದೆ. ಹಗಲೆಲ್ಲ ಚೆನ್ನಾಗಿರುವ ಇಂಟರ್ನೆಟ್ಟು ದೀಪ ಹಚ್ಚುವ ಹೊತ್ತಿಗೆ ಕಡಿದುಹೋಗುತ್ತಿತ್ತು. ದೂರು ಕೊಟ್ಟರೆ ಲೈನ್‌ಮನ್ ಬೆಳಿಗ್ಗೆ 11ಕ್ಕೆ ಬಂದು ನೋಡುತ್ತಿದ್ದರು. ಆಗ ಎಲ್ಲವೂ ಸರಿ ಇರುತ್ತಿತ್ತು. ಅವರದೇನೂ ತಪ್ಪಿಲ್ಲ. ಹೊತ್ತು ನೋಡಿ ಬರುವ ರೋಗವನ್ನು ಬೇರೆ ಹೊತ್ತಿನಲ್ಲಿ ಹುಡುಕಿದರೆ ಯಾರಿಗೂ ಸಿಗುವುದಿಲ್ಲ. ಈ ಹುಡುಕಾಟದಲ್ಲಿ ಮನೆಯವರಿಗೆ ಇರುವ ಅನುಕೂಲ ತಂತ್ರಜ್ಞರಿಗೆ ಇಲ್ಲ, ಏಕೆಂದರೆ ನೆಟ್ ಹೋಗುವ ಆ ಗಳಿಗೆಯಲ್ಲಿ ಅಲ್ಲಿರುವವರು ಮನೆಯವರು.

ರೇಡಿಯೊ ಅಲೆಯೂ ಟೆಲಿಫೋನ್ ತಂತಿಯೂ

ತಾಮ್ರದ ತಂತಿಯ ಮೇಲೆ ಬರುವ ಎಡಿಎಸ್ಎಲ್ ಬ್ರಾಡ್‌ಬ್ಯಾಂಡು ಮಾತಿನ ಸದ್ದಿಗಿಂತ ಮೇಲಿನ ಕಂಪನಗಳನ್ನು ಬಳಸುತ್ತದೆ. ಸುಮಾರು 25 ಕಿಲೊಹರ್ಟ್ಸ್‌ನಿಂದ 1,104 ಕಿಲೊಹರ್ಟ್ಸ್‌ವರೆಗೆ ಅದರ ಹರವು. ಎಡಿಎಸ್ಎಲ್2 ಪ್ಲಸ್ ಆದರೆ 2,208ರವರೆಗೆ ಹೋಗುತ್ತದೆ. ಈ ಹರವನ್ನು ಅದು 4.3125 ಕಿಲೊಹರ್ಟ್ಸ್ ಅಗಲದ ನೂರಾರು ಸಣ್ಣ ಪಟ್ಟೆಗಳಾಗಿ ಸೀಳಿ, ಪ್ರತಿಯೊಂದರಲ್ಲೂ ಒಂದಿಷ್ಟು ಮಾಹಿತಿ ಹೇರಿ ಕಳಿಸುತ್ತದೆ. ಇನ್ನು ನಮ್ಮ ಆಕಾಶವಾಣಿಯ ಮೀಡಿಯಂ ವೇವ್ ಇರುವುದೆಲ್ಲಿ? ಹೆಚ್ಚುಕಮ್ಮಿ 530ರಿಂದ 1,600 ಕಿಲೊಹರ್ಟ್ಸ್ ನಡುವೆ. ಎರಡೂ ಒಂದೇ ಬೀದಿಯ ಮನೆಗಳು. ಮಿಕ್ಸರ್ ತಿರುಗಿದಾಗ ಹಳೆಯ ರೇಡಿಯೊ ‘ಘರ್ರ್’ ಎನ್ನುತ್ತಿದ್ದದ್ದು ನೆನಪಿದೆಯೇ? ಅದೇ ಗದ್ದಲ ಟೆಲಿಫೋನ್ ತಂತಿಗೂ ಅಂಟಿಕೊಳ್ಳುತ್ತದೆ. ರೇಡಿಯೊದ ಗದ್ದಲ ಕಿವಿಗೆ ಬೀಳುತ್ತದೆ, ತಂತಿಯದು ಬೀಳುವುದಿಲ್ಲ. ಅಟ್ಟದ ಮೇಲೆ ಬಿದ್ದಿರುವ ಬ್ಯಾಟರಿ ರೇಡಿಯೊ ಈ ಕೆಲಸಕ್ಕೆ ಒದಗುವುದು ಇದರಿಂದಲೇ. ಹೊಸ ವಿಡಿಎಸ್ಎಲ್ ಬಗೆಯ ಲೈನು 17 ಮೆಗಾಹರ್ಟ್ಸ್‌ಗೂ ಮೇಲಕ್ಕೆ ಏರುತ್ತದೆ, ಹಾಗಾಗಿ ಅದಕ್ಕೆ ಶಾರ್ಟ್ ವೇವ್ ಪಟ್ಟಿಯನ್ನೂ ಕೇಳಬೇಕು.

ಗದ್ದಲದಲ್ಲಿ ಎಂಜಿನಿಯರುಗಳು ಎರಡು ಬಗೆ ಗುರುತಿಸುತ್ತಾರೆ. ಎಡೆಬಿಡದೆ ಚಿಟಿಚಿಟಿ ಹೊಡೆಯುವುದು ‘ರೀನ್’. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತಿನದಾದ್ದರಿಂದ ಈ ಹೊಡೆತ ಸಾಮಾನ್ಯವಾಗಿ ಸೆಕೆಂಡಿಗೆ 100 ಸಲ ಬರುತ್ತದೆ. ಏನನ್ನಾದರೂ ಹಾಕಿದಾಗಲೋ ಆರಿಸಿದಾಗಲೋ ಒಮ್ಮೆಲೇ ಅಪ್ಪಳಿಸುವ ದೊಡ್ಡ ಏಟು ‘ಶೈನ್’. ಅಬರ್‌ಹೋಸನ್ನಿನ ಟಿವಿ ಕೊಟ್ಟದ್ದು ಈ ಎರಡನೆಯದನ್ನು.

ಮೊದಲು ತಿಳಿಯಬೇಕಾದದ್ದು: ಹೋದದ್ದು ವೈಫೈಯೋ, ಲೈನೋ?

ತುಂಬ ಮನೆಗಳಲ್ಲಿ ಹುಡುಕಾಟ ಇಲ್ಲೇ ಮುಗಿಯುತ್ತದೆ. ಮೊಬೈಲಿನಲ್ಲಿ ನೆಟ್ ನಿಂತಾಗ ಮೋಡೆಮ್ ಹತ್ತಿರ ಹೋಗಿ ಡಿಎಸ್ಎಲ್ ಎಂದು ಬರೆದ ದೀಪ ನೋಡಿ. ಅದು ಅಲುಗಾಡದೆ ಉರಿಯುತ್ತಿದ್ದರೆ ಲ್ಯಾಪ್‌ಟಾಪನ್ನು ಕೇಬಲ್ಲಿನಿಂದ ನೇರ ಮೋಡೆಮ್‌ಗೆ ಜೋಡಿಸಿ. ಕೇಬಲ್ಲಿನಲ್ಲಿ ನೆಟ್ ಇದ್ದು ವೈಫೈಯಲ್ಲಿ ಇಲ್ಲವೆಂದರೆ ತಾಮ್ರದ ತಂತಿಯನ್ನು ದೂರಬೇಡಿ. ಮೈಕ್ರೋವೇವ್ ಒಲೆ ಕೆಲಸ ಮಾಡುವುದು 2.45 ಗಿಗಾಹರ್ಟ್ಸ್‌ನಲ್ಲಿ, ಹಳೆಯ ವೈಫೈ ಪಟ್ಟಿಯೂ 2.4ರ ಸುತ್ತಲೇ. ರೂಟರಿಗೆ ಒತ್ತಿಕೊಂಡಿರುವ ಯುಎಸ್‌ಬಿ 3 ಹಾರ್ಡ್‌ಡಿಸ್ಕೂ ಇದೇ ಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತದೆ. ರೂಟರನ್ನು ನಾಲ್ಕು ಅಡಿ ಸರಿಸಿ ಅಥವಾ 5 ಗಿಗಾಹರ್ಟ್ಸ್ ಪಟ್ಟಿಗೆ ಬದಲಿಸಿ, ಅಷ್ಟು ಸಾಕು. ಡಿಎಸ್ಎಲ್ ದೀಪವೇ ಮಿಣುಕುತ್ತಿದ್ದರೆ ಮಾತ್ರ ಮುಂದೆ ಓದಿ.

ಮೋಡೆಮ್ಮಿನ ಒಳಪುಟ ತೆರೆಯಿರಿ. ಬ್ರೌಸರಿನಲ್ಲಿ ಸಾಮಾನ್ಯವಾಗಿ 192.168.1.1 ಎಂದು ಹೊಡೆದರೆ ಸಿಗುತ್ತದೆ. ಅದರಲ್ಲಿ ‘ಎಸ್ಎನ್ಆರ್ ಮಾರ್ಜಿನ್’ ಎಂಬ ಅಂಕಿ ಇರುತ್ತದೆ. ಗದ್ದಲ ಇನ್ನೆಷ್ಟು ಹೆಚ್ಚಿದರೂ ಲೈನು ತಾಳಿಕೊಂಡೀತು ಎಂಬುದರ ಅಳತೆ ಅದು. ಮೋಡೆಮ್ಮು ಸಾಮಾನ್ಯವಾಗಿ 6 ಡಿಬಿ ಉಳಿಸಿಕೊಂಡು ತನ್ನ ವೇಗ ನಿಗದಿ ಮಾಡುತ್ತದೆ. ಅದು ಒಂದೆರಡಕ್ಕೆ ಇಳಿದರೆ ಲೈನು ಕಡಿದು ಮತ್ತೆ ಜೋಡಣೆಗೆ ತೊಡಗುತ್ತದೆ. ಪಕ್ಕದಲ್ಲೇ ‘ಸಿಆರ್‌ಸಿ’ ಎಂಬ ತಪ್ಪುಗಳ ಎಣಿಕೆ ಇರುತ್ತದೆ. ಮಾರ್ಜಿನ್ ಕುಸಿಯದೆ ಸಿಆರ್‌ಸಿ ಮಾತ್ರ ಸರ್ರನೆ ಏರಿದರೆ ಏಟು ಕ್ಷಣಿಕವಾದದ್ದು. ಮಾರ್ಜಿನ್ನೇ ಕುಸಿದು ಅಲ್ಲಿಯೇ ಕುಳಿತರೆ ಏನೋ ಒಂದು ಎಡೆಬಿಡದೆ ಗದ್ದಲ ಮಾಡುತ್ತಿದೆ. ಒಂದು ಎಚ್ಚರಿಕೆ: ಕತ್ತಲಾದ ಮೇಲೆ ಮಾರ್ಜಿನ್ ಒಂದೆರಡು ಡಿಬಿ ಇಳಿಯುವುದು ಸಹಜ. ಸೂರ್ಯ ಮುಳುಗಿದ ಮೇಲೆ ವಾತಾವರಣದ ಮೇಲಿನ ಪದರ ದೂರದೂರದ ಮೀಡಿಯಂ ವೇವ್ ಕೇಂದ್ರಗಳನ್ನು ಪ್ರತಿಫಲಿಸಿ ನಮ್ಮವರೆಗೆ ತಂದು ಹಾಕುತ್ತದೆ. ಅದು ನಿಧಾನವಾಗಿ ಆಗುವ ಇಳಿಕೆ. ಬಟನ್ ಒತ್ತಿದಂತೆ ಕುಸಿಯುವುದು ಬೇರೆ.

ಗೋಡೆಯ ಕ್ಯಾಲೆಂಡರೇ ದಿನಚರಿ

ಒಂದು ವಾರ ಬರೆದಿಡಿ. ನಮ್ಮ ಆಯಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ನೆಟ್ ಹೋದ ಹೊತ್ತನ್ನೂ ಗುರುತು ಹಾಕಿದಳು. ನಾಲ್ಕು ದಿನಕ್ಕೆ ಅಂಕಿಗಳು ಮಾತಾಡತೊಡಗಿದವು: 6.40, 6.45, 6.35, 6.50. ನನಗೆ ಹೊಳೆಯುವ ಮೊದಲೇ ಆಯಿ, “ಕೊಟ್ಗೆ ಲೈಟ್ ಹಾಕಿದ್ ಕೂಡ್ಲೆ ಹೋಗ್ತು ನೋಡು” ಎಂದಳು.

ಹೊತ್ತು ಹೇಳುವ ಸುಳಿವು ಒಂದೆರಡಲ್ಲ. ಬಿಸಿಲು ಇದ್ದಾಗ ಮಾತ್ರ ತೊಂದರೆಯೇ? ಸೋಲಾರ್ ಪಂಪಿನ ಕಂಟ್ರೋಲರನ್ನೋ ಚಾವಣಿಯ ಸೋಲಾರ್ ಇನ್ವರ್ಟರನ್ನೋ ಶಂಕಿಸಿ. ತ್ರೀಫೇಸ್ ಬಂದ ಗಳಿಗೆಯಲ್ಲೇ? ಸುತ್ತಲಿನ ತೋಟಗಳ ಆಟೋ ಸ್ಟಾರ್ಟರುಗಳೆಲ್ಲ ಒಟ್ಟಿಗೆ ಎಳೆದುಕೊಳ್ಳುವ ಹೊತ್ತದು. ಹಗಲೂ ರಾತ್ರಿ ಇಪ್ಪತ್ತು ನಿಮಿಷಕ್ಕೋ ಅರ್ಧ ಗಂಟೆಗೋ ಒಮ್ಮೆಯೇ? ಫ್ರಿಜ್ಜಿನ ಥರ್ಮೋಸ್ಟಾಟ್ ಹಾಗೆಯೇ ಹತ್ತಿ ಆರುತ್ತದೆ. ಕರೆಂಟು ಹೋದಾಗ ಮಾತ್ರವೇ? ಆಗ ಕೆಲಸಕ್ಕೆ ಇಳಿಯುವುದು ನಿಮ್ಮದೇ ಇನ್ವರ್ಟರು.

ಮಳೆಯನ್ನೂ ಬರೆದಿಡಿ. ಮಳೆ ಬಂದಾಗ ಹೆಚ್ಚಾಗುವ ತೊಂದರೆ ಬಹುಮಟ್ಟಿಗೆ ಟೆಲಿಫೋನ್ ತಂತಿಯ ಜಾಯಿಂಟಿನದು. ಒಣ ಹವೆಯಲ್ಲಿ ಇದ್ದು ಮಳೆಗೆ ಮಾಯವಾಗುವ ಗದ್ದಲ ಕರೆಂಟು ಕಂಬದ ಸಡಿಲ ಕಬ್ಬಿಣದಲ್ಲಿ ಕಿಡಿ ಹಾರುವುದರಿಂದ ಬರುವ ಸಂಭವ ಹೆಚ್ಚು, ನೀರು ಆ ಸಂದನ್ನು ಮುಚ್ಚುತ್ತದೆ.

ರೇಡಿಯೊ ಹಿಡಿದು ನಡೆಯಿರಿ

ಮೀಡಿಯಂ ವೇವ್ ಇರುವ, ಬ್ಯಾಟರಿಯ ಮೇಲೆ ನಡೆಯುವ ಸಣ್ಣ ರೇಡಿಯೊ ಬೇಕು. ಎಫ್ಎಂ ಈ ಕೆಲಸಕ್ಕೆ ಬಾರದು. ಬ್ರಿಟನ್ನಿನಲ್ಲಿ ಇದಕ್ಕೆ ರೇಡಿಯೊವನ್ನು 612 ಕಿಲೊಹರ್ಟ್ಸ್‌ಗೆ ತಿರುಗಿಸಿ ಎನ್ನುವುದು ರೂಢಿಯ ಸಲಹೆ. ಕರ್ನಾಟಕದಲ್ಲಿ ಅದನ್ನು ಹಾಗೆಯೇ ಪಾಲಿಸಲಾಗದು, ನಮ್ಮಲ್ಲಿ 612 ಬೆಂಗಳೂರು ಆಕಾಶವಾಣಿಯ ಜಾಗ. ಭದ್ರಾವತಿಯ 675, ಧಾರವಾಡದ 765 ಕೂಡ ಬೇಡ. ಎರಡು ಕೇಂದ್ರಗಳ ನಡುವೆ ಬರಿಯ ‘ಶ್ಶ್’ ಎನ್ನುವ ಕಡೆ ಮುಳ್ಳು ನಿಲ್ಲಿಸಿ. ಮೊದಲು ಮನೆಯಿಂದ ದೂರ, ಗದ್ದೆ ಬಯಲಿಗೋ ಮೈದಾನಕ್ಕೋ ಹೋಗಿ ಆ ನಿಶ್ಶಬ್ದವನ್ನು ಕಿವಿಗೆ ರೂಢಿಸಿಕೊಳ್ಳಿ. ಆಮೇಲೆ ಮನೆಗೆ ಬನ್ನಿ.

ಒಳಗೆ ಬಂದೊಡನೆ ಗಾಬರಿ ಬೇಡ. ಮೋಡೆಮ್, ಚಾರ್ಜರ್, ಸೆಟ್‌ಟಾಪ್ ಬಾಕ್ಸ್, ಯಾವುದರ ಪಕ್ಕ ಹಿಡಿದರೂ ರೇಡಿಯೊ ಕಿರುಗುಟ್ಟುತ್ತದೆ. ಒಂದಡಿ ದೂರದಲ್ಲಿ ಕೇಳುವ ಸದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಇನ್ನೊಂದು ಕೋಣೆಗೆ ಹೋದರೂ ಬಿಡದ ಸದ್ದು, ಮೋಡೆಮ್ಮಿನ ಮಾರ್ಜಿನ್ ಕುಸಿದ ಗಳಿಗೆಯಲ್ಲೇ ಹುಟ್ಟುವ ಸದ್ದು, ನಿಮಗೆ ಬೇಕಾದದ್ದು ಅದು. ರೇಡಿಯೊದಲ್ಲಿ ಗದ್ದಲ ಎದ್ದಾಗ ಮೋಡೆಮ್ಮಿನ ಅಂಕಿ ಅಲುಗದಿದ್ದರೆ ಅದು ಬೇರೆ ಯಾವುದೋ ವಸ್ತು, ಅದರ ಹಿಂದೆ ಹೋಗಿ ದಿನ ಕಳೆಯಬೇಡಿ.

ತೊಂದರೆ ನಡೆಯುತ್ತಿರುವಾಗಲೇ ಮನೆಯ ಮೇನ್ ಸ್ವಿಚ್ ಆರಿಸಿ. ಇಲ್ಲಿ ನಮ್ಮ ಮನೆಗಳಿಗೆ ವಿಶೇಷವಾದ ಒಂದು ಮಾತು: ಮೇನ್ ಆರಿಸಿದ ತಕ್ಷಣ ಇನ್ವರ್ಟರ್ ಎದ್ದು ಕುಳಿತು ದೀಪ ಫ್ಯಾನುಗಳಿಗೆ ಕರೆಂಟು ಕೊಡುತ್ತದೆ, ಜೊತೆಗೆ ತನ್ನದೇ ಗದ್ದಲವನ್ನೂ ಸೇರಿಸುತ್ತದೆ. ಹಾಗಾಗಿ ಅದನ್ನೂ ಆರಿಸಬೇಕು. ಮೋಡೆಮ್ಮಿಗೆ ಅಡಾಪ್ಟರಿನ ವೋಲ್ಟೇಜಿಗೆ ಸರಿಹೊಂದುವ ಬ್ಯಾಟರಿ ಕೊಡಿ. ರೂಟರಿಗೆಂದೇ ಸಿಗುವ ಪುಟ್ಟ ಯುಪಿಎಸ್ ಸಾಕು. ಈಗ ಗದ್ದಲ ಅಡಗಿದರೆ ಮೂಲ ನಿಮ್ಮ ಮನೆಯಲ್ಲೇ ಇದೆ. ಎಂಸಿಬಿಗಳನ್ನೆಲ್ಲ ಇಳಿಸಿ, ಮೇನ್ ಹಾಕಿ, ಅವನ್ನು ಒಂದೊಂದಾಗಿ ಮೇಲೆತ್ತುತ್ತ ಬನ್ನಿ. ಯಾವುದನ್ನು ಎತ್ತಿದಾಗ ಸದ್ದು ಮರಳುವುದೋ ಆ ಸಾಲಿನ ಪ್ಲಗ್ಗುಗಳನ್ನು ಒಂದೊಂದಾಗಿ ಕೀಳಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು.

ನಮ್ಮಲ್ಲಿ ಸಿಕ್ಕಿದ್ದು ಆಯಿ ಹೇಳಿದ ಜಾಗದಲ್ಲೇ. ಕೊಟ್ಟಿಗೆಗೆ ಸಂತೆಯಲ್ಲಿ ಕೊಂಡು ತಂದ ಮೂರು ಅಗ್ಗದ ಎಲ್ಇಡಿ ಬಲ್ಬುಗಳು. ಎಲ್ಇಡಿಗೆ ಬೇಕಾದ ಕರೆಂಟು ಕೊಡಲು ಬಲ್ಬಿನೊಳಗೆ ಒಂದು ಪುಟ್ಟ ಸರ್ಕಿಟ್ ಸೆಕೆಂಡಿಗೆ ಹತ್ತಾರು ಸಾವಿರ ಸಲ ಹೊತ್ತಿ ಆರುತ್ತಿರುತ್ತದೆ. ಆ ಗದ್ದಲ ಹೊರಗೆ ಹೋಗದಂತೆ ತಡೆಯುವ ಫಿಲ್ಟರ್ ಭಾಗಗಳನ್ನು ಒಳ್ಳೆಯ ತಯಾರಕರು ಹಾಕುತ್ತಾರೆ. ಬೆಲೆ ಇಳಿಸಲು ಹೊರಟವರು ಮೊದಲು ಕೈಬಿಡುವುದು ಅವನ್ನೇ. ಬಲ್ಬು ಬೆಳಗುತ್ತದೆ, ಕೊಂಡವರಿಗೆ ಕೊರತೆ ಕಾಣುವುದಿಲ್ಲ. ಮೊಬೈಲ್ ಚಾರ್ಜರ್, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್, ಇಂಡಕ್ಷನ್ ಒಲೆ, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಎಲ್ಲಕ್ಕೂ ಇದೇ ಮಾತು. ಮೋಡೆಮ್ಮಿನ ಸ್ವಂತ ಅಡಾಪ್ಟರೇ ಹಳತಾಗಿ ಕೆಡುವುದೂ ಉಂಟು, ಅದನ್ನು ಬದಲಿಸಿ ನೋಡಲು ಮರೆಯಬೇಡಿ.

ಸ್ವಿಚ್‌ಬೋರ್ಡಿನ ಬಳಿ ರೇಡಿಯೊ ಜೋರಾಗಿ ಚಟಗುಟ್ಟಿದರೆ, ಅದೂ ಲೋಡು ಹಾಕಿದಾಗ ಮಾತ್ರ ಎಂದಾದರೆ, ಇಂಟರ್ನೆಟ್ಟಿನ ಚಿಂತೆ ಬಿಟ್ಟು ಎಲೆಕ್ಟ್ರಿಷಿಯನ್ನನ್ನು ಕರೆಸಿ. ಒಳಗೆ ಸಡಿಲ ತಂತಿ ಕಿಡಿ ಹಾರಿಸುತ್ತಿರಬಹುದು. ಮನೆಗೆ ಬೆಂಕಿ ಬೀಳುವುದು ಹೀಗೆ.

ಮೇನ್ ಆರಿಸಿದರೂ ಸದ್ದು ಉಳಿದರೆ ಹೊರಗೆ ಹೊರಡಿ. ರೇಡಿಯೊದ ಒಳಗೆ ಒಂದು ಕರಿಯ ಫೆರೈಟ್ ಕಡ್ಡಿ ಅಡ್ಡಡ್ಡ ಇರುತ್ತದೆ, ಅದೇ ಅದರ ಆಂಟೆನಾ. ಕಡ್ಡಿಯ ತುದಿ ಮೂಲದ ಕಡೆಗೆ ನೇರವಾದಾಗ ಸದ್ದು ಅತಿ ಕಡಿಮೆಯಾಗುತ್ತದೆ. ರೇಡಿಯೊವನ್ನು ನಿಧಾನ ತಿರುಗಿಸಿ, ಸದ್ದು ಅಡಗುವ ದಿಕ್ಕು ಗುರುತಿಸಿ. ಇನ್ನೊಂದು ಜಾಗದಿಂದ ಹಾಗೆಯೇ ಮಾಡಿ. ಎರಡು ಗೆರೆ ಕೂಡುವಲ್ಲಿ ನಿಮ್ಮ ಮೂಲ. ತಂತಿಗಳ ಕೆಳಗೆ ನಿಂತು ಇದನ್ನು ಮಾಡಬೇಡಿ. ಗದ್ದಲ ತಂತಿಯುದ್ದಕ್ಕೂ ಹರಿಯುವುದರಿಂದ ಎಲ್ಲ ಕಡೆಯೂ ಜೋರಾಗಿಯೇ ಕೇಳಿ ದಾರಿ ತಪ್ಪಿಸುತ್ತದೆ. ಅದು ಕರೆಂಟು ಕಂಬದತ್ತ ಕರೆದೊಯ್ದರೆ ಕಂಬವನ್ನು ಮುಟ್ಟುವುದಾಗಲಿ, ಅಲುಗಿಸುವುದಾಗಲಿ ಬೇಡ. ಕಂಬದ ನಂಬರ್ ಬರೆದುಕೊಂಡು 1912ಕ್ಕೆ ಕರೆ ಮಾಡಿ ದೂರು ಕೊಡಿ. ಪಕ್ಕದ ಮನೆಯತ್ತ ಕರೆದೊಯ್ದರೆ ಅಬರ್‌ಹೋಸನ್ನಿನ ಆ ಮನೆಯವರನ್ನು ನೆನೆಯಿರಿ. ಅವರಿಗೂ ಗೊತ್ತಿರುವುದಿಲ್ಲ. ರೇಡಿಯೊವನ್ನು ಅವರ ಕೈಗೇ ಕೊಟ್ಟು ಕೇಳಿಸಿ.

ಬೇಲಿಯ ಟಕ್ ಟಕ್

ಮಲೆನಾಡು, ಕೊಡಗಿನವರಿಗಾಗಿ ಇದನ್ನು ಬೇರೆಯಾಗಿ ಹೇಳಬೇಕು. ಕಾಡುಹಂದಿ, ಆನೆಗಳಿಗೆಂದು ಹಾಕುವ ಐಬೆಕ್ಸ್ ವಿದ್ಯುತ್ ಬೇಲಿ ಹೆಚ್ಚೆಂದರೆ ಸೆಕೆಂಡಿಗೊಂದು ಏಟಿನಂತೆ ಹೆಚ್ಚು ವೋಲ್ಟೇಜಿನ ಹೊಡೆತ ಕಳಿಸುತ್ತದೆ. ಬೇಲಿ ಶುಚಿಯಾಗಿದ್ದರೆ ಅಷ್ಟೇನೂ ತೊಂದರೆಯಿಲ್ಲ. ಬಳ್ಳಿ ಹಬ್ಬಿದಾಗ, ಇನ್ಸುಲೇಟರ್ ಒಡೆದಾಗ ಪ್ರತಿ ಹೊಡೆತಕ್ಕೂ ಅಲ್ಲೊಂದು ಕಿಡಿ ಹಾರುತ್ತದೆ. ರೇಡಿಯೊದಲ್ಲಿ ಗಡಿಯಾರದಂತೆ ಟಕ್, ಟಕ್, ಟಕ್. ಟೆಲಿಫೋನ್ ಎತ್ತಿದರೂ ಅದೇ. ಬೇಲಿಯ ತಂತಿ ಟೆಲಿಫೋನ್ ತಂತಿಯ ಜೊತೆಜೊತೆಗೆ ದೂರ ಓಡಿದರಂತೂ ಎರಡೂ ಸೇರಿ ಗದ್ದಲವನ್ನು ಮನೆಯೊಳಗೇ ತಂದು ಬಿಡುತ್ತವೆ. ಬೇಲಿಗೆ ತಾಗಿದ ಗಿಡಬಳ್ಳಿ ಸವರಿ, ಒಡೆದ ಇನ್ಸುಲೇಟರ್ ಬದಲಿಸಿ. ಬೇಲಿಯ ಅರ್ತಿಂಗ್ ಸರಳನ್ನು ಮನೆಯ ಅರ್ತಿಂಗಿನಿಂದ ದೂರ ಹೂಳಿಸಿ. ಎರಡು ತಂತಿ ಎದುರಾಗುವಲ್ಲಿ ಒಂದಕ್ಕೊಂದು ಅಡ್ಡ ಹಾಯುವಂತೆ ಮಾಡಿ, ಜೊತೆಗೆ ಓಡಲು ಬಿಡಬೇಡಿ. ಸವರುವ ಮುನ್ನ ಬೇಲಿ ಆರಿಸಿರಬೇಕು.

ಗದ್ದಲ ಒಳಗೆ ಬರುವ ಬಾಗಿಲು

ನಾನು ಈ ಲೇಖನ ಬರೆಯಲು ಮುಖ್ಯ ಕಾರಣ ಇನ್ನು ಹೇಳುವ ವಿಷಯ. ಮೂಲ ಹುಡುಕಿ ಸುಮ್ಮನಾದರೆ ಕೆಲಸ ಅರ್ಧವೇ ಆದಂತೆ. ಗದ್ದಲ ಎಲ್ಲರ ಮನೆಯಲ್ಲೂ ಇದೆ. ಕೆಲವರ ನೆಟ್ ಮಾತ್ರ ಯಾಕೆ ಬೀಳುತ್ತದೆ?

ಟೆಲಿಫೋನಿನ ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆದು ಎಳೆಯುತ್ತಾರೆ. ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಹೊಸೆದಾಗ ಹೊರಗಿನ ಗದ್ದಲ ಎರಡೂ ತಂತಿಗೆ ಸಮನಾಗಿ ತಗಲುತ್ತದೆ. ಮೋಡೆಮ್ಮು ನೋಡುವುದು ಎರಡರ ನಡುವಿನ ವ್ಯತ್ಯಾಸವನ್ನು, ಸಮವಾಗಿ ಬಂದದ್ದು ಅಲ್ಲಿಗೆ ವಜಾ. ಒಂದು ತಂತಿಯ ಜಾಯಿಂಟಿಗೆ ಕಿಲುಬು ಹಿಡಿದರೆ ಆ ಸಮತೋಲ ತಪ್ಪುತ್ತದೆ, ಮೊದಲು ವಜಾ ಆಗುತ್ತಿದ್ದ ಗದ್ದಲವೆಲ್ಲ ಉಳಿದುಕೊಳ್ಳುತ್ತದೆ. ಮಾತಾಡುವುದಕ್ಕೆ ಅಡ್ಡಿಯಾಗದಷ್ಟು ಸಣ್ಣ ಕಿಲುಬು ಬ್ರಾಡ್‌ಬ್ಯಾಂಡನ್ನು ಕೆಡಿಸಬಲ್ಲದು.

ಪರೀಕ್ಷೆ ಸುಲಭ. ಮೋಡೆಮ್ ಕಳಚಿ, ತಂತಿಯಿರುವ ಸಾದಾ ಫೋನನ್ನು ಹೊರಗಿನ ತಂತಿ ಮನೆಗೆ ಬರುವ ರೋಸೆಟ್ ಪೆಟ್ಟಿಗೆಗೇ ನೇರ ಹಾಕಿ. ಡಯಲ್ ಟೋನ್ ನಿಲ್ಲಿಸಲು ಒಂದು ಅಂಕಿ ಒತ್ತಿ ಕಿವಿಗೊಡಿ. ಪೂರಾ ಮೌನ ಇರಬೇಕು. ಕರಕರ ಎಂದರೆ ಜಾಯಿಂಟ್ ಕೆಟ್ಟಿದೆ. ‘ಗುಂಯ್’ ಎಂಬ ಎಡೆಬಿಡದ ಸದ್ದಿದ್ದರೆ ಒಂದು ತಂತಿ ಮರಕ್ಕೋ ಗೋಡೆಯ ತೇವಕ್ಕೋ ತಗಲಿ ಭೂಮಿಗೆ ಸೋರುತ್ತಿರಬಹುದು. ಆಮೇಲೆ ಮೋಡೆಮ್ಮನ್ನೂ ಅದೇ ಪೆಟ್ಟಿಗೆಗೆ ನೇರ ಜೋಡಿಸಿ ಒಂದು ಸಂಜೆ ನೋಡಿ. ಅಡುಗೆಮನೆಗೆ, ಮಹಡಿಗೆ ಎಂದು ಎಂದೋ ಎಳೆಸಿದ ಪ್ಯಾರಲಲ್ ಫೋನಿನ ತಂತಿ, ಈಗ ಫೋನಿಲ್ಲದಿದ್ದರೂ, ಗದ್ದಲ ಹಿಡಿಯುವ ಆಂಟೆನಾ ಆಗಿ ಉಳಿದಿರುತ್ತದೆ. ಬೇಡದ್ದನ್ನು ಕಳಚಿ ಹಾಕಿ. ಉಳಿದ ಪ್ರತಿ ಫೋನಿಗೂ ಸ್ಪ್ಲಿಟರ್ ಇರಲಿ. ಕರೆಂಟಿನ ಪೈಪಿನೊಳಗೇ ಟೆಲಿಫೋನ್ ತಂತಿ ತೂರಿಸಿದ್ದರೆ ತೆಗೆಸಿ, ಒಂದಡಿಯಾದರೂ ಅಂತರ ಕೊಡಿ.

ಮೂಲವನ್ನು ಬದಲಿಸಲಾಗದಿದ್ದರೆ, ಕೇಬಲ್ಲಿಗೆ ಕಚ್ಚಿಸುವ ಫೆರೈಟ್ ಗುಂಡು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತದೆ. ಗದ್ದಲ ಮಾಡುವ ಉಪಕರಣದ ಕರೆಂಟು ತಂತಿಯನ್ನು ಅದರೊಳಗೆ ಮೂರು ನಾಲ್ಕು ಸುತ್ತು ಹಾಯಿಸಿ. ಒಂದೇ ಸುತ್ತಿನಿಂದ ಹೆಚ್ಚೇನೂ ಆಗದು.

ಕಂಪನಿಯ ಕಡೆಯಿಂದಲೂ ಆಗುವ ಸಹಾಯವಿದೆ. ಲೈನಿನ ‘ಪ್ರೊಫೈಲ್’ ಬದಲಿಸಿ ಎಂದು ಕೇಳಿ. ವೇಗವನ್ನು ತುಸು ಇಳಿಸಿ ಮಾರ್ಜಿನ್ ಹೆಚ್ಚಿಸಿದರೆ, ‘ಇಂಟರ್‌ಲೀವಿಂಗ್’ ಹಾಕಿದರೆ, ಸಣ್ಣಪುಟ್ಟ ಏಟುಗಳನ್ನು ಲೈನು ನುಂಗಿಕೊಳ್ಳುತ್ತದೆ. ಇಂಟರ್‌ಲೀವಿಂಗಿನಿಂದ ಮಾಹಿತಿ ತಲುಪುವುದು ಕೊಂಚ ತಡವಾಗುತ್ತದೆ, ಆಟವಾಡುವವರಿಗೆ ಅದು ಗೊತ್ತಾದೀತು. ಆನ್‌ಲೈನ್ ಪಾಠ ಕೇಳುವ ಮಕ್ಕಳಿಗೆ ಎಂಟು ಎಂಬಿಪಿಎಸ್ ವೇಗದಲ್ಲಿ ಕಡಿದುಹೋಗುವ ಲೈನಿಗಿಂತ ಆರರಲ್ಲಿ ನಿಲ್ಲುವ ಲೈನು ಎಷ್ಟೋ ಮೇಲು.

ಫೈಬರ್ ನಿಮ್ಮ ಬಾಗಿಲಿಗೆ ಬಂದಿದ್ದರೆ ಇಷ್ಟೆಲ್ಲ ಕಷ್ಟಪಡದೆ ಅದಕ್ಕೇ ಬದಲಾಗಿ ಎನ್ನುವೆ. ಗಾಜಿನ ಎಳೆಯೊಳಗೆ ಬರುವುದು ಬೆಳಕು, ಅದಕ್ಕೆ ಕೊಟ್ಟಿಗೆಯ ಬಲ್ಬೂ ಬೇಲಿಯೂ ಲೆಕ್ಕಕ್ಕಿಲ್ಲ. ಫೈಬರಿನಲ್ಲೂ ಹೊತ್ತು ನೋಡಿ ನೆಟ್ ಹೋದರೆ ಪೆಟ್ಟಿಗೆಯ ಅಡಾಪ್ಟರನ್ನೋ ವೈಫೈಯನ್ನೋ ನೋಡಿ. ‘ಎಲ್ಒಎಸ್’ ದೀಪ ಕೆಂಪಾದರೆ ಎಳೆ ಎಲ್ಲೋ ಮಡಚಿದೆ ಅಥವಾ ಕಡಿದಿದೆ ಎಂದರ್ಥ.

ನಮ್ಮೂರಿಗೆ ಆಗ ಫೈಬರ್ ಬಂದಿರಲಿಲ್ಲ. ಬಲ್ಬು ಬದಲಿಸಿದ ಮೇಲೆ ಸಂಜೆಯ ಕಡಿತ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಮಾರ್ಜಿನ್ ಇನ್ನೂ ಮೂರು ನಾಲ್ಕರಲ್ಲೇ ಆಡುತ್ತಿತ್ತು. ಫೋನಿನಲ್ಲಿ ಕರಕರ ಸದ್ದೂ ಇತ್ತು. ಮತ್ತೆ ದೂರು ಕೊಡುವಾಗ ‘ನೆಟ್ ಬರ್ತಾ ಇಲ್ಲ’ ಎಂದಷ್ಟೇ ಹೇಳದೆ, ವಾರದ ಹೊತ್ತಿನ ಪಟ್ಟಿ, ಮಾರ್ಜಿನ್ ಅಂಕಿ, ರೋಸೆಟ್ಟಿನಲ್ಲೇ ಪರೀಕ್ಷಿಸಿದ್ದೇವೆ ಎಂಬ ಮಾತು ಎಲ್ಲ ಬರೆಸಿ ಡಾಕೆಟ್ ನಂಬರ್ ಪಡೆದೆ. ಲೈನ್‌ಮನ್‌ಗೆ ಫೋನ್ ಮಾಡಿ, ದಯವಿಟ್ಟು ಸಂಜೆ ಆರೂವರೆಗೆ ಬನ್ನಿ ಎಂದು ಕೇಳಿಕೊಂಡೆ. ಅವರು ಡ್ಯೂಟಿ ಮುಗಿದ ಮೇಲೂ ಬಂದರು. ಆಯಿ ಪರೀಕ್ಷೆಗೆಂದು ತೆಗೆದಿಟ್ಟಿದ್ದ ಹಳೆಯ ಬಲ್ಬುಗಳನ್ನೇ ಮತ್ತೆ ಸಿಕ್ಕಿಸಿದಳು. ದೀಪ ಮಿಣುಕಿತು, ನೆಟ್ ಹೋಯಿತು. ಅವರು ಫೋನಿನ ಕರಕರ ಕೇಳಿದರು, ತಂತಿ ಬಂದ ದಾರಿಯನ್ನು ಕಣ್ಣಲ್ಲೇ ಅಳೆದರು, ತೋಟದಂಚಿನ ಹಲಸಿನ ಮರದತ್ತ ಕೈ ತೋರಿ ಏಣಿ ಇದೆಯೇ ಎಂದು ಕೇಳಿದರು. ಟಾರ್ಚ್ ಬೆಳಕಲ್ಲಿ ಬಿಚ್ಚಿದ ಜಾಯಿಂಟಿನಲ್ಲಿ ಒಂದು ತಂತಿ ಹೊಳೆಯುತ್ತಿತ್ತು, ಇನ್ನೊಂದು ಹಸಿರುಗಟ್ಟಿತ್ತು. ಕತ್ತರಿಸಿ, ಜೆಲ್ಲಿ ತುಂಬಿದ ಕನೆಕ್ಟರ್ ಒತ್ತಿ ಇಳಿದರು. ಆ ರಾತ್ರಿ ಹಳೆಯ ಬಲ್ಬುಗಳು ಕೊಟ್ಟಿಗೆಯಲ್ಲಿ ಉರಿಯುತ್ತಿರುವಾಗಲೇ ಮಾರ್ಜಿನ್ 9ಕ್ಕೆ ಏರಿತ್ತು.